ಮನೆಗೆ ಬರುವ ಎರಡು ತಂತಿಗಳು

ಸಂಸಾರಸ್ಥರ ತಿಂಗಳ ಲೆಕ್ಕದ ಪುಸ್ತಕದಲ್ಲಿ ಮನೆ ಬಾಡಿಗೆ, ಹಾಲು, ದಿನಸಿ, ಮಕ್ಕಳ ಫೀಸು, ವಿದ್ಯುತ್ತು ಇವಕ್ಕೆಲ್ಲ ಹಿಂದಿನಿಂದಲೂ ಒಂದೊಂದು ಸಾಲು ಮೀಸಲಾಗಿದೆ. ಈ ಸಾಲುಗಳ ಮೇಲೆ ಗೃಹಿಣಿಯ ಕಣ್ಣು ಸದಾ ಎಚ್ಚರವಾಗಿರುತ್ತದೆ. ಅಕ್ಕಿಯ ಬೆಲೆ ಕಿಲೋಗೆ ಎರಡು ರೂಪಾಯಿ ಏರಿತೆಂದರೆ ಅಂಗಡಿಯವನೊಡನೆ ಚರ್ಚೆ ನಡೆಯದೆ ಇರದು. ಆದರೆ ಕಳೆದ ಹತ್ತು ವರ್ಷಗಳಲ್ಲಿ ಅದೇ ಪುಸ್ತಕವನ್ನು ಸದ್ದಿಲ್ಲದೆ ಹೊಕ್ಕ ಬಾಬೊಂದು ಯಾರ ಕಣ್ಣಿಗೂ ಬೀಳದೆ ಬೆಳೆಯುತ್ತಿದೆ. ಅದು ಮನೆಮಂದಿ ಕುಳಿತು ನೋಡುವುದರ ಖರ್ಚು. ಕೇಬಲ್ಲಿಗೆ ಇಷ್ಟು, ಅಂತರಜಾಲಕ್ಕೆ ಇಷ್ಟು, ಸಿನಿಮಾ ತೋರಿಸುವ ಆಪುಗಳಿಗೆ ಇಷ್ಟು ಎಂದು ಅದು ತುಂಡುತುಂಡಾಗಿ, ಬೇರೆ ಬೇರೆ ದಿನಗಳಂದು, ಬೇರೆ ಬೇರೆಯವರ ಫೋನುಗಳಿಂದ ಸಂದಾಯವಾಗುತ್ತದೆ. ಆದುದರಿಂದ ಒಟ್ಟು ಎಷ್ಟಾಯಿತೆಂಬುದು ಮನೆಯ ಯಜಮಾನನಿಗೂ ತಿಳಿಯದು. ಹನಿಹನಿ ಕೂಡಿದರೆ ಹಳ್ಳವೆಂಬುದು ಉಳಿತಾಯಕ್ಕೆ ಹೇಗೋ ವೆಚ್ಚಕ್ಕೂ ಹಾಗೆಯೇ ಸಲ್ಲುವ ಮಾತು.

ಇಂತಿರುವಲ್ಲಿ ಮನೆಮನೆಯಲ್ಲಿಯೂ ಒಂದು ಪ್ರಶ್ನೆ ಎದ್ದಿದೆ. "ಇಂಟರ್ನೆಟ್ ಬಂದ ಮೇಲೆ ಕೇಬಲ್ ಏತಕ್ಕೆ? ತೆಗೆಸಿಬಿಟ್ಟರೆ ಅಷ್ಟು ಹಣ ಉಳಿಯಿತಲ್ಲವೆ?" ಪ್ರಶ್ನೆ ಸರಳ, ಉತ್ತರ ಅಷ್ಟು ಸರಳವಲ್ಲ. ತಂತಿ ಕೀಳಿಸುವ ಮುನ್ನ ಎರಡು ತಂತಿಗಳೂ ಮನೆಗೆ ಏನನ್ನು ತರುತ್ತವೆ, ಯಾರಿಗಾಗಿ ತರುತ್ತವೆ, ಎಷ್ಟಕ್ಕೆ ತರುತ್ತವೆ ಎಂಬುದನ್ನು ವಿಚಾರಿಸಿ ನೋಡುವುದು ಲೇಸು.

ಒಂದೇ ವರ್ಷದ ಎರಡು ಕೂಸುಗಳು

ಭಾರತದಲ್ಲಿ ದೂರದರ್ಶನದ ಪ್ರಾಯೋಗಿಕ ಪ್ರಸಾರ ದೆಹಲಿಯಲ್ಲಿ ೧೯೫೯ರ ಸೆಪ್ಟೆಂಬರ್ ೧೫ರಂದು ಮೊದಲಾಯಿತು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದುದು ೧೯೮೧ರಲ್ಲಿ. ಆ ದಿನಗಳಲ್ಲಿ ಟೆಲಿವಿಷನ್ ಇಟ್ಟುಕೊಂಡವರು ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟಬೇಕಾಗಿತ್ತು. ಎಂಬತ್ತರ ದಶಕದ ನಡುವೆ ಆ ಶುಲ್ಕ ರದ್ದಾಗಿ, ನೋಡುವುದು ಸ್ವಲ್ಪ ಕಾಲ ನಿಜವಾಗಿಯೂ ಪುಕ್ಕಟೆಯಾಗಿತ್ತು. ಮಾಳಿಗೆಯ ಮೇಲೊಂದು ಆಂಟೆನಾ ಇದ್ದರೆ ಸಾಕು, ಬೀದಿಗೆ ಬೀದಿಯೇ ಒಂದು ಮನೆಯಲ್ಲಿ ನೆರೆಯುತ್ತಿತ್ತು.

೧೯೯೧ರ ಕೊಲ್ಲಿ ಯುದ್ಧದ ಹೊತ್ತಿಗೆ ಉಪಗ್ರಹ ವಾಹಿನಿಗಳ ರುಚಿ ದೇಶಕ್ಕೆ ಹತ್ತಿತು. ಅದೇ ವರ್ಷ ಸ್ಟಾರ್, ಮರುವರ್ಷ ಜೀ, ೧೯೯೪ರಲ್ಲಿ ಕನ್ನಡಕ್ಕೆ ಉದಯ ವಾಹಿನಿ ಬಂದವು. ಬಡಾವಣೆಯ ಉತ್ಸಾಹಿ ತರುಣನೊಬ್ಬ ದೊಡ್ಡ ತಟ್ಟೆಯನ್ನು ಮಾಳಿಗೆಯ ಮೇಲೆ ನಿಲ್ಲಿಸಿ, ಅಲ್ಲಿಂದ ತೆಂಗಿನಮರ, ವಿದ್ಯುತ್ ಕಂಬ, ನೆರೆಯ ಗೋಡೆ ಇವುಗಳ ಮೇಲೆ ಕಪ್ಪು ತಂತಿಯನ್ನು ಎಳೆದು ಮನೆಮನೆಗೆ ತಲುಪಿಸಿದನು. ಇದಕ್ಕೊಂದು ಕಾನೂನಿನ ಚೌಕಟ್ಟು ೧೯೯೫ರ ಕೇಬಲ್ ಟೆಲಿವಿಷನ್ ಅಧಿನಿಯಮದಿಂದ ದೊರೆಯಿತು. ಕೇಬಲ್ಲಿನವರು ಆಗ ಪ್ರಧಾನ ಅಂಚೆ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕಾಗಿತ್ತು.

ಸ್ವಾರಸ್ಯವೆಂದರೆ, ಅದೇ ೧೯೯೫ರ ಆಗಸ್ಟ್ ೧೫ರಂದು ವಿದೇಶ್ ಸಂಚಾರ್ ನಿಗಮವು ಅಂತರಜಾಲವನ್ನು ಸಾರ್ವಜನಿಕರಿಗೆ ತೆರೆಯಿತು. ಇಂದು ಪರಸ್ಪರ ಪೈಪೋಟಿಗಿಳಿದಿರುವ ಎರಡು ತಂತಿಗಳೂ ಹೀಗೆ ಒಂದೇ ವರ್ಷದ ಕೂಸುಗಳು. ಒಂದು ಮಾತ್ರ ಬೇಗ ಬೆಳೆಯಿತು, ಇನ್ನೊಂದು ಬಹುಕಾಲ ತೆವಳಿತು. ೨೦೦೪ರ ಸರ್ಕಾರಿ ನೀತಿಯಂತೆ ಸೆಕೆಂಡಿಗೆ ೨೫೬ ಕಿಲೋಬಿಟ್ ವೇಗವಿದ್ದರೆ ಅದು 'ಬ್ರಾಡ್‌ಬ್ಯಾಂಡ್' ಎನ್ನಿಸಿಕೊಳ್ಳುತ್ತಿತ್ತು. ೨೦೧೩ರಲ್ಲಿ ಈ ಕನಿಷ್ಠ ವೇಗ ೫೧೨ ಕಿಲೋಬಿಟ್ ಆಯಿತು. ೨೦೨೩ರ ಜನವರಿಯಲ್ಲಿ ೨ ಮೆಗಾಬಿಟ್ ಆಯಿತು. ೨೦೧೬ರ ಸೆಪ್ಟೆಂಬರಿನಲ್ಲಿ ಜಿಯೋ ಮೊಬೈಲ್ ಸೇವೆಯೂ, ೨೦೧೯ರ ಸೆಪ್ಟೆಂಬರಿನಲ್ಲಿ ಅದರ ಫೈಬರ್ ಸೇವೆಯೂ ಬಂದು ಬೆಲೆಗಳು ಕುಸಿದ ಮೇಲೆ ತೆವಳುತ್ತಿದ್ದ ಕೂಸು ಓಡತೊಡಗಿತು.

ಒಂದು ಸಂಸಾರದ ಲೆಕ್ಕ

ಈಗ ಹಣದ ಮಾತು. ಮೈಸೂರಿನಲ್ಲಿ ಐದು ಜನರ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು: ಅಜ್ಜಿ, ಮಗ, ಸೊಸೆ, ಕಾಲೇಜಿಗೆ ಹೋಗುವ ಮೊಮ್ಮಗಳು, ಹೈಸ್ಕೂಲಿನ ಮೊಮ್ಮಗ. ಮನೆಗೆ ಕೇಬಲ್ ಇದೆ, ಫೈಬರ್ ಇದೆ, ಮೂರು ಆಪುಗಳ ಚಂದಾ ಇದೆ. ಇದೇನೂ ಅಪರೂಪದ ಮನೆಯಲ್ಲ.

ಮೊದಲು ಕೇಬಲ್. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ೨೦೧೯ರ ಫೆಬ್ರವರಿಯಿಂದ ಹೊಸ ಪದ್ಧತಿಯನ್ನು ಜಾರಿಗೆ ತಂದಿತು. ಅದರಂತೆ ನೂರು ವಾಹಿನಿಗಳ ಸಂಪರ್ಕಕ್ಕೆ ತಿಂಗಳಿಗೆ ಹೆಚ್ಚೆಂದರೆ ೧೩೦ ರೂಪಾಯಿ. ಹಣ ಕೊಡಬೇಕಾದ ವಾಹಿನಿಗಳನ್ನು ನೋಡುಗನೇ ಆರಿಸಿಕೊಂಡು ಅವುಗಳ ಬೆಲೆಯನ್ನು ಪ್ರತ್ಯೇಕ ತೆರಬೇಕು. ೨೦೨೦ರಲ್ಲಿ ಅದೇ ೧೩೦ ರೂಪಾಯಿಗೆ ಇನ್ನೂರು ವಾಹಿನಿಗಳೆಂದಾಯಿತು. ೨೦೨೪ರ ಜುಲೈ ತಿದ್ದುಪಡಿಯಲ್ಲಿ ಈ ಮಿತಿಯನ್ನು ತೆಗೆದು, ಸಂಪರ್ಕ ಶುಲ್ಕವನ್ನು ಕೇಬಲ್ ಕಂಪನಿಗಳ ನಿರ್ಧಾರಕ್ಕೆ ಬಿಡಲಾಯಿತು. ಲೆಕ್ಕಕ್ಕಾಗಿ ಹಳೆಯ ೧೩೦ನ್ನೇ ಹಿಡಿದು, ತಲಾ ೧೯ ರೂಪಾಯಿಯ ನಾಲ್ಕು ವಾಹಿನಿಗಳನ್ನು ಸೇರಿಸಿದರೆ ೨೦೬ ರೂಪಾಯಿ. ಅದರ ಮೇಲೆ ಶೇಕಡ ೧೮ರ ತೆರಿಗೆ ಸೇರಿ ತಿಂಗಳಿಗೆ ೨೪೩ ರೂಪಾಯಿ ೮ ಪೈಸೆ. ವರ್ಷಕ್ಕೆ ಸುಮಾರು ೨,೯೧೭.

ಎರಡನೆಯದು ಅಂತರಜಾಲದ ತಂತಿ. ಜಿಯೋ ಫೈಬರ್ ೨೦೨೦ರ ಸೆಪ್ಟೆಂಬರಿನಲ್ಲಿ ಜಾರಿಗೆ ತಂದ ದರಗಳಲ್ಲಿ ಎಲ್ಲಕ್ಕೂ ಕೆಳಗಿನದು ತಿಂಗಳಿಗೆ ೩೯೯ ರೂಪಾಯಿ; ವೇಗ ೩೦ ಮೆಗಾಬಿಟ್. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿರುವುದು ಈ ೩೯೯. ಶೇಕಡ ೧೮ರ ತೆರಿಗೆ ಸಣ್ಣ ಅಕ್ಷರದಲ್ಲಿರುವುದರಿಂದ ಕೈಯಿಂದ ಹೋಗುವುದು ೪೭೦ ರೂಪಾಯಿ ೮೨ ಪೈಸೆ. ವರ್ಷಕ್ಕೆ ೫,೬೫೦.

ಮೂರನೆಯದು ಆಪುಗಳು. ೨೦೨೫ರ ಫೆಬ್ರವರಿಯ ಹೊತ್ತಿಗಿದ್ದ ದರಗಳನ್ನು ತೆಗೆದುಕೊಂಡರೆ, ನೆಟ್‌ಫ್ಲಿಕ್ಸಿನ ತಿಂಗಳಿಗೆ ೧೯೯ ರೂಪಾಯಿಯ ಚಂದಾ ವರ್ಷಕ್ಕೆ ೨,೩೮೮ ಆಗುತ್ತದೆ. ಅಮೆಜಾನ್ ಪ್ರೈಮ್ ವರ್ಷಕ್ಕೆ ೧,೪೯೯. ಜಿಯೋಹಾಟ್‌ಸ್ಟಾರಿನ ನಡುವಣ ದರ್ಜೆ ವರ್ಷಕ್ಕೆ ೮೯೯. ಮೂರೂ ಸೇರಿ ೪,೭೮೬.

ಎಲ್ಲವನ್ನೂ ಕೂಡಿದರೆ ವರ್ಷಕ್ಕೆ ೧೩,೩೫೩ ರೂಪಾಯಿ. ತಿಂಗಳಿಗೆ ಸಾವಿರದ ನೂರನ್ನು ಮೀರಿತು. ಬೆಲೆಗಳು ಮುಂದೆ ಏರಬಹುದು, ಇಳಿಯಬಹುದು. ಲೆಕ್ಕದ ರೀತಿ ಮಾತ್ರ ಬದಲಾಗದು.

ಈ ಮೊತ್ತವನ್ನು ಕಂಡೊಡನೆ ಮಗನ ಬಾಯಿಂದ ಬರುವ ಮಾತು "ಕೇಬಲ್ ತೆಗೆಸಿಬಿಡೋಣ" ಎಂದು. ಆದರೆ ಸಾಲುಗಳನ್ನು ಮತ್ತೊಮ್ಮೆ ನೋಡಬೇಕು. ಮೂರರಲ್ಲಿ ಅತ್ಯಂತ ಅಗ್ಗವಾದುದು ಕೇಬಲ್ಲೇ. ಅದನ್ನು ಬಿಟ್ಟರೆ ಉಳಿಯುವುದು ೨,೯೧೭. ನೆಟ್‌ಫ್ಲಿಕ್ಸ್ ಮತ್ತು ಪ್ರೈಮ್ ಎರಡನ್ನು ಬಿಟ್ಟರೆ ಉಳಿಯುವುದು ೩,೮೮೭. ಮೂಗಿಗಿಂತ ಮೂಗುತಿ ಭಾರವಾಗಿರುವಾಗ ಮೂಗನ್ನು ಕೊಯ್ಯಹೊರಡುವುದು ವಿವೇಕವೆ?

ಹಾಗೆಂದು ಫೈಬರಿನ ಖರ್ಚನ್ನೆಲ್ಲ ಮನರಂಜನೆಯ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಮೊಮ್ಮಗಳ ಪಾಠ, ಮಗನ ಕಚೇರಿ ಕೆಲಸ, ವಿದ್ಯುತ್ ಬಿಲ್ಲಿನ ಪಾವತಿ ಇವೆಲ್ಲ ನಡೆಯುವುದು ಅದರ ಮೂಲಕವೇ. ಅಂತಹ ಮನೆಗೆ ಅದು ನಲ್ಲಿಯ ನೀರಿನಷ್ಟೇ ಅಗತ್ಯ. ಇದಕ್ಕೆ ವಿರುದ್ಧವಾಗಿ, ವಯಸ್ಸಾದ ದಂಪತಿಗಳಿಬ್ಬರೇ ಇರುವ ಮನೆಯಲ್ಲಿ ಸಿನಿಮಾ ನೋಡಲೆಂದೇ ಫೈಬರ್ ಹಾಕಿಸಿದರೆ, ಒಂದು ಆಪಿನ ಚಂದಾ ಕಟ್ಟುವ ಮೊದಲೇ ಕೇಬಲ್ಲಿನ ಎರಡರಷ್ಟು ಹಣ ಹೋಗಿರುತ್ತದೆ.

ನಾಲ್ಕು ವಾಹಿನಿ, ಮೂರು ಅಂಗಡಿ

ಆಪುಗಳನ್ನು ಅಂಗಡಿಗಳೆಂದು ಭಾವಿಸಿದರೆ ವಿಷಯ ತಿಳಿಯಾಗುತ್ತದೆ. ಕೇಬಲ್ ಎಂಬುದು ಊರಿನ ಸಂತೆ. ಎಲ್ಲ ವರ್ತಕರೂ ಒಂದೇ ಬಯಲಿನಲ್ಲಿ ಕೂಡುತ್ತಾರೆ. ಆಪುಗಳಾದರೋ ಊರಿನ ಬೇರೆ ಬೇರೆ ಮೂಲೆಗಳಲ್ಲಿರುವ ಅಂಗಡಿಗಳು. ಪ್ರತಿಯೊಂದರ ಬಾಗಿಲಲ್ಲಿಯೂ ಪ್ರವೇಶ ಶುಲ್ಕ. ಅಜ್ಜಿ ಸಂಜೆ ಕುಳಿತು ನೋಡುವ ಕನ್ನಡ ಧಾರಾವಾಹಿಗಳನ್ನೇ ತೆಗೆದುಕೊಳ್ಳಬಹುದು. ಕೇಬಲ್ಲಿನಲ್ಲಿ ಕಲರ್ಸ್, ಜೀ, ಸುವರ್ಣ, ಉದಯ ಈ ನಾಲ್ಕೂ ಒಂದೇ ತಂತಿಯಲ್ಲಿ ಬರುತ್ತವೆ. ಆಪುಗಳಲ್ಲಿ ಜೀ ವಾಹಿನಿಯ ಧಾರಾವಾಹಿ ಜೀ೫ರಲ್ಲಿ, ಉದಯದ್ದು ಸನ್ ನೆಕ್ಸ್ಟಿನಲ್ಲಿ. ಕಲರ್ಸ್ ಮತ್ತು ಸುವರ್ಣದವು ಬೇರೆ ಬೇರೆ ಆಪುಗಳಲ್ಲಿದ್ದು, ೨೦೨೫ರ ಫೆಬ್ರವರಿ ೧೪ರಂದು ಆ ಎರಡು ಆಪುಗಳು ಕೂಡಿ ಜಿಯೋಹಾಟ್‌ಸ್ಟಾರ್ ಆದ ಮೇಲೆ ಒಂದೆಡೆಗೆ ಬಂದವು. ನಾಲ್ಕು ವಾಹಿನಿಗೆ ಮೂರು ಅಂಗಡಿ. ಮೇಲಿನ ಲೆಕ್ಕದಲ್ಲಿ ಇವುಗಳಲ್ಲಿ ಒಂದರ ಚಂದಾ ಮಾತ್ರ ಸೇರಿದೆ.

ಇನ್ನು 'ಉಚಿತ' ಎಂಬ ಮಾತು. ೨೦೨೨ರ ಜೂನ್ ಹರಾಜಿನಲ್ಲಿ ಐಪಿಎಲ್ ಕ್ರಿಕೆಟ್ಟಿನ ಐದು ವರ್ಷಗಳ ಪ್ರಸಾರದ ಹಕ್ಕು ೪೮,೩೯೦ ಕೋಟಿ ರೂಪಾಯಿಗೆ ಮಾರಾಟವಾಯಿತು. ಟೆಲಿವಿಷನ್ನಿನ ಹಕ್ಕನ್ನೂ ಅಂತರಜಾಲದ ಹಕ್ಕನ್ನೂ ಬೇರೆ ಬೇರೆ ಸಂಸ್ಥೆಗಳು ಕೊಂಡವು. ೨೦೨೩ ಮತ್ತು ೨೦೨೪ರಲ್ಲಿ ಜಿಯೋಸಿನಿಮಾ ಆಪಿನಲ್ಲಿ ಪಂದ್ಯಗಳನ್ನು ಕಾಸು ಕೊಡದೆ ನೋಡಬಹುದಾಗಿತ್ತು. ಕೋಟಿ ಕೋಟಿ ಸುರಿದವರು ಎಷ್ಟು ಕಾಲ ಧರ್ಮಕ್ಕೆ ತೋರಿಸಿಯಾರು? ೨೦೨೫ರಲ್ಲಿ ಆಪುಗಳು ಒಂದಾದ ಬಳಿಕ ಪೂರ್ಣ ಪಂದ್ಯಕ್ಕೆ ಚಂದಾ ಬೇಕಾಯಿತು, ಇಲ್ಲವೆ ಚಂದಾ ಸೇರಿದ ಮೊಬೈಲ್ ರೀಚಾರ್ಜ್ ಬೇಕಾಯಿತು. ಅಂತೆಯೇ ಒಂದು ಮನೆಯ ನೆಟ್‌ಫ್ಲಿಕ್ಸನ್ನು ನೆಂಟರಿಷ್ಟರೆಲ್ಲ ನೋಡುತ್ತಿದ್ದ ಪರಿಪಾಠಕ್ಕೆ ಆ ಸಂಸ್ಥೆ ೨೦೨೩ರ ಜುಲೈಯಲ್ಲಿ ಭಾರತದಲ್ಲಿ ತಡೆಯೊಡ್ಡಿತು. ಜಾಹೀರಾತಿನ ಕಾಟವಿಲ್ಲವೆಂಬ ಹೆಮ್ಮೆಯೂ ಉಳಿಯಲಿಲ್ಲ. ಪ್ರೈಮಿನ ಚಿತ್ರಗಳ ನಡುವೆ ೨೦೨೫ರ ಜೂನಿನಿಂದ ಜಾಹೀರಾತು ಬರತೊಡಗಿತು. ಅದು ಬೇಡವೆನ್ನುವವರು ಆಗ ವರ್ಷಕ್ಕೆ ೬೯೯ ರೂಪಾಯಿ ಹೆಚ್ಚಿಗೆ ತೆರಬೇಕಾಯಿತು.

ಆಪುಗಳಿಂದ ಲಾಭವೇ ಇಲ್ಲವೆಂದು ಇದರ ಅರ್ಥವಲ್ಲ. ಚಿತ್ರಮಂದಿರಗಳು ಮುಚ್ಚಿದ್ದ ೨೦೨೦ರ ಜುಲೈಯಲ್ಲಿ 'ಲಾ' ಮತ್ತು 'ಫ್ರೆಂಚ್ ಬಿರಿಯಾನಿ' ಎಂಬ ಕನ್ನಡ ಚಿತ್ರಗಳು ನೇರವಾಗಿ ಪ್ರೈಮಿನಲ್ಲಿಯೇ ಬಿಡುಗಡೆಯಾಗಿ, ಮನೆಯಲ್ಲಿ ಕಟ್ಟುಬಿದ್ದಿದ್ದ ಪ್ರೇಕ್ಷಕರನ್ನು ತಲುಪಿದವು. ಬೇಕಾದ ಚಿತ್ರವನ್ನು ಬೇಕಾದ ಹೊತ್ತಿಗೆ ನೋಡುವ ಅನುಕೂಲ ಕೇಬಲ್ಲಿಗಿಲ್ಲ. ಆದರೆ ವರ್ಷದಲ್ಲಿ ನಾಲ್ಕು ಚಿತ್ರ ನೋಡುವುದಕ್ಕೆ ಹನ್ನೆರಡು ತಿಂಗಳ ಚಂದಾ ಏಕೆ? ತಿಂಗಳ ಚಂದಾ ಇರುವ ಆಪುಗಳನ್ನು ಬೇಕಾದ ತಿಂಗಳಲ್ಲಿ ಪಡೆದು, ನೋಡಿ ಮುಗಿಸಿ, ನಿಲ್ಲಿಸಬಹುದು. ನೆಟ್‌ಫ್ಲಿಕ್ಸನ್ನು ವರ್ಷಕ್ಕೆ ಮೂರು ತಿಂಗಳು ಮಾತ್ರ ಇಟ್ಟುಕೊಂಡರೆ ೫೯೭ ರೂಪಾಯಿ ಸಾಕು, ೧,೭೯೧ ಉಳಿಯಿತು.

ಇದಕ್ಕೆ ಅಡ್ಡಿಯಾಗುವುದು ಬ್ಯಾಂಕಿನಿಂದ ತಾನಾಗಿ ಹಣ ಹೋಗುವ ಏರ್ಪಾಡು. ಒಮ್ಮೆ ಒಪ್ಪಿಗೆ ಕೊಟ್ಟರೆ ನೋಡಲಿ ಬಿಡಲಿ, ಹಣ ಹೋಗುತ್ತಲೇ ಇರುತ್ತದೆ. ರಿಸರ್ವ್ ಬ್ಯಾಂಕಿನ ನಿಯಮ ೨೦೨೧ರ ಅಕ್ಟೋಬರಿನಿಂದ ಕಟ್ಟುನಿಟ್ಟಾಗಿ ಜಾರಿಗೆ ಬಂದು, ಹಣ ಕಡಿತವಾಗುವ ೨೪ ಗಂಟೆ ಮುಂಚಿತವಾಗಿ ಗ್ರಾಹಕನಿಗೆ ತಿಳಿಸಬೇಕೆಂದಾಗಿದೆ. ಆ ಸಂದೇಶವನ್ನು ಓದದೆ ಅಳಿಸುವುದೇ ಬಹುಮಂದಿಯ ರೂಢಿ. ಚಂದಾ ನಿಲ್ಲಿಸಲು ತಕ್ಕ ಹೊತ್ತು ಅದೇ.

ತಂತಿ ಯಾರದಾಗಿರಬೇಕು?

ಅಂತರಜಾಲವನ್ನು ಒದಗಿಸುವವರು ಇಂದು ಹಲವರು. ಏರ್‌ಟೆಲ್, ಜಿಯೋ, ಬಿ.ಎಸ್.ಎನ್.ಎಲ್., ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಆಕ್ಟ್, ಇವರಲ್ಲದೆ ಊರೂರಿನ ಕೇಬಲ್ಲಿನವರು. ಇವರಲ್ಲಿ ಯಾರು ಮೇಲು ಎಂದು ಕೇಳಿದರೆ ಇಡೀ ರಾಜ್ಯಕ್ಕೆ ಸಲ್ಲುವ ಒಂದು ಉತ್ತರವಿಲ್ಲ. ಜಯನಗರದಲ್ಲಿ ಒಳ್ಳೆಯದೆನಿಸಿದ ಸಂಸ್ಥೆಯ ತಂತಿ ತೀರ್ಥಹಳ್ಳಿಯ ಬೀದಿಗೆ ಬಂದೇ ಇರದಿರಬಹುದು. ಆದುದರಿಂದ ವಿಚಾರಿಸಬೇಕಾದುದು ನೆರೆಮನೆಯಲ್ಲಿ: ಮಳೆಗಾಲದಲ್ಲಿ ಕೊಂಬೆ ಬಿದ್ದು ತಂತಿ ಕಡಿದಾಗ ಎಷ್ಟು ದಿನಕ್ಕೆ ಜನ ಬಂದರು? ಫೋನ್ ಮಾಡಿದರೆ ಎತ್ತುವವರು ಯಾರು? ತಿಂಗಳಿಗೆ ಐವತ್ತು ರೂಪಾಯಿಯ ವ್ಯತ್ಯಾಸಕ್ಕಿಂತ ಇದು ದೊಡ್ಡ ವ್ಯತ್ಯಾಸ.

ಎರಡನೆಯದು ವೇಗ. ೧೦೦, ೧೫೦, ೩೦೦ ಎಂಬ ದೊಡ್ಡ ಅಂಕಿಗಳಿಗೆ ಮರುಳಾಗುವ ಮುನ್ನ ಅಗತ್ಯವೆಷ್ಟೆಂದು ತಿಳಿಯಬೇಕು. ಸ್ಪಷ್ಟವಾದ ಫುಲ್ ಎಚ್.ಡಿ. ಚಿತ್ರಕ್ಕೆ ೫ ಮೆಗಾಬಿಟ್ ಸಾಕೆಂದೂ, ಅತಿ ಸೂಕ್ಷ್ಮವಾದ ೪ಕೆ ಚಿತ್ರಕ್ಕೆ ೧೫ ಬೇಕೆಂದೂ ನೆಟ್‌ಫ್ಲಿಕ್ಸ್ ಸಂಸ್ಥೆಯೇ ಹೇಳುತ್ತದೆ. ನಾಲ್ವರು ನಾಲ್ಕು ಕೋಣೆಗಳಲ್ಲಿ ಏಕಕಾಲಕ್ಕೆ ನೋಡಿದರೂ ೨೦ ಮೆಗಾಬಿಟ್. ೩೦ರ ತಂತಿಯೇ ಸಾಧಾರಣ ಮನೆಗೆ ಸಾಲುತ್ತದೆ. ಇಷ್ಟಿದ್ದೂ ಚಿತ್ರ ತಡೆತಡೆದು ಬಂದರೆ ದೋಷ ಅನೇಕ ವೇಳೆ ತಂತಿಯದಲ್ಲ, ರೂಟರ್ ಇಟ್ಟ ಮೂಲೆಯದು. ಹಳೆಯ ಮನೆಗಳ ದಪ್ಪ ಗೋಡೆಗಳನ್ನು ದಾಟುವಷ್ಟರಲ್ಲಿ ಅದರ ಅಲೆಗಳು ಸೊರಗುತ್ತವೆ. ಅದನ್ನು ಮನೆಯ ನಡುವೆ, ತುಸು ಎತ್ತರದಲ್ಲಿ ಇಡುವುದಕ್ಕೆ ಹಣ ಕೊಡಬೇಕಾಗಿಲ್ಲ.

ಮೂರನೆಯದು ಮಿತಿ. 'ಅಪರಿಮಿತ' ಎಂದು ಸಾರುವ ಯೋಜನೆಗೂ ತಿಂಗಳಿಗಿಷ್ಟೆಂಬ ಗಡಿ ಇರುತ್ತದೆ. ಅದನ್ನು ದಾಟಿದರೆ ವೇಗ ಕುಗ್ಗುತ್ತದೆ. ಮೇಲೆ ಹೇಳಿದ ೩೯೯ರ ಯೋಜನೆಗಿದ್ದ ಗಡಿ ೩,೩೦೦ ಗಿಗಾಬೈಟ್. ಎಚ್.ಡಿ. ಚಿತ್ರಕ್ಕೆ ಗಂಟೆಗೆ ೩ ಗಿಗಾಬೈಟ್ ಎಂದು ಹಿಡಿದರೂ ೧,೧೦೦ ಗಂಟೆ ನೋಡಬಹುದು. ಮೂವತ್ತು ದಿನಗಳ ತಿಂಗಳಲ್ಲಿರುವುದೇ ೭೨೦ ಗಂಟೆ! ಆದರೆ ದಿನಕ್ಕೆ ೨ ಗಿಗಾಬೈಟ್ ಕೊಡುವ ಮೊಬೈಲಿನಿಂದ ಟೆಲಿವಿಷನ್ ನಡೆಸಹೊರಟರೆ ಅದೇ ಲೆಕ್ಕದಂತೆ ನಲವತ್ತು ನಿಮಿಷಕ್ಕೆ ಆ ದಿನದ ಪಾಲು ಮುಗಿದೇಹೋಗುತ್ತದೆ. ಅರ್ಧ ಸಿನಿಮಾ ಕೂಡ ಆಗಿರುವುದಿಲ್ಲ.

ನಾಲ್ಕನೆಯದು, ವರ್ಷದ ಹಣವನ್ನು ಒಮ್ಮೆಗೇ ಕಟ್ಟಿದರೆ ಒಂದೋ ಎರಡೋ ತಿಂಗಳು ಉಚಿತ ಎಂಬ ಆಮಿಷ. ಸೇವೆ ಚೆನ್ನಾಗಿದ್ದರೆ ಅದು ಲಾಭವೇ. ಕೆಟ್ಟಿದ್ದರೆ ಮುಂಗಡ ಕೊಟ್ಟ ಗಿರಾಕಿಯ ಮಾತಿಗೆ ಬೆಲೆಯಿರದು. ಮೊದಲ ಕೆಲವು ತಿಂಗಳು, ಅದರಲ್ಲಿಯೂ ಒಂದು ಮಳೆಗಾಲ, ತಿಂಗಳ ಲೆಕ್ಕದಲ್ಲಿ ಕಟ್ಟಿ ನೋಡಿ ಆಮೇಲೆ ವರ್ಷದ ಮಾತೆತ್ತುವುದು ಜಾಣತನ. ದೂರು ಕೊಟ್ಟಾಗ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಅದಿಲ್ಲದೆ ಮೇಲ್ಮನವಿ ನಿಲ್ಲುವುದಿಲ್ಲ.

ಅಜ್ಜಿಯ ರಿಮೋಟು

ರೂಪಾಯಿಯ ಲೆಕ್ಕ ಇಲ್ಲಿಗೆ ಮುಗಿಯಿತೆನ್ನಬಹುದು. ಆದರೆ ಮನೆಯೆಂಬುದು ರೂಪಾಯಿಯ ಲೆಕ್ಕವೊಂದೇ ಅಲ್ಲ. ಕೇಬಲ್ ತೆಗೆಸುವ ತೀರ್ಮಾನವನ್ನು ಮಾಡುವವರು ಸಾಮಾನ್ಯವಾಗಿ ಫೋನಿನಲ್ಲಿ ನೋಡಬಲ್ಲವರು. ಅದರ ಫಲವನ್ನು ಉಣ್ಣುವವರು ನೋಡಲಾರದವರು. ಅಜ್ಜಿಗೆ ತಿಳಿದಿರುವುದು ಎರಡು ಗುಂಡಿ: ಒಂದು ಹೊತ್ತಿಸುವುದು, ಇನ್ನೊಂದು ವಾಹಿನಿ ಬದಲಿಸುವುದು. ಆ ಎರಡರ ಬಲದಿಂದ ಆಕೆ ಯಾರ ಹಂಗೂ ಇಲ್ಲದೆ ಬೆಳಗಿನ ಸುಪ್ರಭಾತವನ್ನು ಕೇಳಿದ್ದಾಳೆ, ಮಧ್ಯಾಹ್ನ ಹಳೆಯ ಚಿತ್ರವನ್ನು ನೋಡಿದ್ದಾಳೆ, ರಾತ್ರಿಯ ವಾರ್ತೆಗೆ ಮಗನಿಗಿಂತ ಮುಂಚೆ ಕುಳಿತಿದ್ದಾಳೆ. ಕೇಬಲ್ ಹೋದ ಮರುದಿನದಿಂದ ಪರದೆಯ ಮೇಲೆ ಇಂಗ್ಲಿಷಿನ ಚೌಕಗಳು, ಗುಪ್ತಪದಗಳು, 'ಯಾರು ನೋಡುತ್ತಿರುವುದು?' ಎಂಬ ಪ್ರಶ್ನೆ. "ನನ್ನ ಧಾರಾವಾಹಿ ಎಲ್ಲಿದೆಯೋ ಸ್ವಲ್ಪ ಹಾಕಿಕೊಡಪ್ಪಾ" ಎಂದು ಆಕೆ ಮೊಮ್ಮಗನನ್ನು ಕರೆಯಬೇಕು. ಮೊದಲ ದಿನ ಅವನು ಓಡಿಬರುತ್ತಾನೆ. ಹತ್ತನೆಯ ದಿನ "ಇರು ಅಜ್ಜಿ, ಬಂದೆ" ಎನ್ನುತ್ತಾನೆ. ತಿಂಗಳು ಕಳೆಯುವಷ್ಟರಲ್ಲಿ ಆಕೆ ಕೇಳುವುದನ್ನೇ ಬಿಡುತ್ತಾಳೆ. ಉಳಿದ ೨,೯೧೭ ರೂಪಾಯಿಯ ಎದುರಿಗೆ ಈ ನಷ್ಟವನ್ನು ಬರೆಯಲು ಲೆಕ್ಕದ ಪುಸ್ತಕದಲ್ಲಿ ಅಂಕಣವಿಲ್ಲ.

ಕೇಬಲ್ಲಿನ ಹಣವೂ ಭಾರವೆನಿಸುವ ಮನೆಗೆ ಬೇರೊಂದು ದಾರಿಯುಂಟು. ಪ್ರಸಾರ ಭಾರತಿಯ ಡಿಡಿ ಫ್ರೀ ಡಿಶ್ ೨೦೦೪ರ ಡಿಸೆಂಬರಿನಿಂದ ನಡೆದುಬಂದಿದೆ. ತಟ್ಟೆಗೂ ಪೆಟ್ಟಿಗೆಗೂ ಒಮ್ಮೆ ಹಣ ಕೊಟ್ಟರೆ ಆಯಿತು, ತಿಂಗಳ ಬಾಡಿಗೆಯಿಲ್ಲ. ಚಂದನ ವಾಹಿನಿ ಅದರಲ್ಲಿ ಬರುತ್ತದೆ. ಹಣ ಕೊಟ್ಟು ನೋಡಬೇಕಾದ ವಾಹಿನಿಗಳು ಮಾತ್ರ ಬಾರವು. ಆಪಿನ ಅಭ್ಯಾಸವಿರುವವರಿಗೆ ಅದೇ ಸಂಸ್ಥೆ ೨೦೨೪ರ ನವೆಂಬರಿನಲ್ಲಿ 'ವೇವ್ಸ್' ಎಂಬುದನ್ನು ತೆರೆದಿದೆ.

ಕೇಬಲ್ಲಿನವನ ಪಾಡು

ಈ ಪೈಪೋಟಿಯ ನಡುವೆ ಮರೆತುಹೋದ ವ್ಯಕ್ತಿ ಮೂವತ್ತು ವರ್ಷಗಳ ಹಿಂದೆ ಮಾಳಿಗೆಯಿಂದ ಮಾಳಿಗೆಗೆ ತಂತಿ ಎಳೆದಾತ. ಆಗ ತಿಂಗಳ ಮೊದಲ ವಾರ ರಸೀತಿ ಪುಸ್ತಕ ಹಿಡಿದು ಮನೆಮನೆಗೆ ಬರುತ್ತಿದ್ದ ಅವನಿಗೆ ಬೀದಿಯ ಪ್ರತಿಯೊಂದು ಸಂಸಾರವೂ ಪರಿಚಿತ. ಇಂದು ಹಲವು ಊರುಗಳಲ್ಲಿ ಅವನೇ ಹಳೆಯ ಕಪ್ಪು ತಂತಿಯ ಜೊತೆಗೆ ಗಾಜಿನೆಳೆಯ ತಂತಿಯನ್ನೂ ಎಳೆದು ಎರಡನ್ನೂ ನಡೆಸುತ್ತಿದ್ದಾನೆ. ದೊಡ್ಡ ಸಂಸ್ಥೆಗಳ ದರಕ್ಕೆ ಅವನ ದರ ಸರಿಹೋಗದೆ ಇರಬಹುದು. ಆದರೆ ಗಾಳಿಮಳೆಯ ರಾತ್ರಿ ತಂತಿ ಕಡಿದರೆ ಮರುದಿನ ಬೆಳಗ್ಗೆ ಏಣಿ ಹೊತ್ತು ಬರುವವನು ಅವನೇ. ಅಂತಹವನಿರುವ ಬೀದಿಯಲ್ಲಿ ಎರಡು ತಂತಿಗಳನ್ನೂ ಅವನಿಂದಲೇ ಪಡೆದು ದರದಲ್ಲಿ ರಿಯಾಯಿತಿ ಕೇಳುವುದು ಇಬ್ಬರಿಗೂ ಹಿತ.

ಒಟ್ಟಿನಲ್ಲಿ, ಅಗ್ಗ ಯಾವುದು ಎಂಬ ಪ್ರಶ್ನೆಗೆ ಉತ್ತರ ಕಂಪನಿಗಳ ದರಪಟ್ಟಿಯಲ್ಲಿಲ್ಲ, ಮನೆಯೊಳಗಿದೆ. ಒಂದು ಭಾನುವಾರ ಊಟವಾದ ಮೇಲೆ ಎಲ್ಲರೂ ಕುಳಿತು, ಒಂದು ಹಾಳೆಯ ಎಡಭಾಗದಲ್ಲಿ ಕಟ್ಟುತ್ತಿರುವ ಪ್ರತಿಯೊಂದು ಚಂದಾವನ್ನೂ ತೆರಿಗೆ ಸಹಿತ, ವರ್ಷದ ಲೆಕ್ಕದಲ್ಲಿ ಬರೆಯಬೇಕು. ಬಲಭಾಗದಲ್ಲಿ ಕಳೆದ ತಿಂಗಳು ಅದನ್ನು ಯಾರು, ಎಷ್ಟು ದಿನ ನೋಡಿದರೆಂದು ಬರೆಯಬೇಕು. ಬಲಭಾಗ ಬರಿದಾಗಿರುವ ಸಾಲುಗಳಿಗೆ ಮೊದಲು ಗೆರೆ ಎಳೆಯಬಹುದು. ಆ ಹಾಳೆಯನ್ನು ಬರೆಯುವಾಗ ಅಜ್ಜಿಯನ್ನೂ ಕೂರಿಸಿಕೊಂಡು ಕೇಳಿ ಬರೆಯಬೇಕೆಂಬುದೊಂದೇ ನಿಬಂಧನೆ.